ಎರಡು ಚಮಟ ಲವಣ ಮತ್ತು ಮೂರು ತೋಟಗಾರಿಕೆ ಪತ್ರಿಕೆಗಳು

ನಾನು ಕರಡಚ್ಚು ತಿದ್ದುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಕೆಂಪು ಪೆನ್ನು. ಯಾವ ಪತ್ರಿಕೆ ಕೈಗೆ ಬಂದರೂ ಮೊದಲು ಕಣ್ಣಿಗೆ ಬೀಳುವುದು ತಪ್ಪು, ಹೂವು ಆಮೇಲೆ. ಮುಂದೆ ಬರೆಯುವುದರಲ್ಲೆಲ್ಲ ಈ ಚಾಳಿ ಇಣುಕುತ್ತದೆ, ಹಾಗಾಗಿ ಮೊದಲೇ ಒಪ್ಪಿಕೊಂಡುಬಿಟ್ಟೆ.

ತಾರಸಿಯ ಮೇಲೆ ನಲವತ್ತು ಚಿಲ್ಲರೆ ಕುಂಡಗಳಿವೆ. ಒಂದೂವರೆ ವರ್ಷದಿಂದ ಮೂರು ತೋಟಗಾರಿಕೆ ಪತ್ರಿಕೆಗಳಿಗೆ ಚಂದಾ ಕಟ್ಟಿದ್ದೆ. ಒಂದು ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ್ದು, ಒಂದು ಮುಖಪುಟ ನೋಡಿ ನಾನೇ ಮರುಳಾದದ್ದು, ಇನ್ನೊಂದು ಅತ್ತಿಗೆ ಬಲವಂತದಿಂದ ತಲೆಗೆ ಕಟ್ಟಿದ್ದು. ಈಗ ಎರಡನ್ನು ಬಿಟ್ಟಿದ್ದೇನೆ, ಒಂದನ್ನು ಇಟ್ಟುಕೊಂಡಿದ್ದೇನೆ. ಬೈಯುವುದು ಇರುವುದರಿಂದ ಹೆಸರು ಬೇಡ. ಹೊಳಪಿನದು, ದಪ್ಪದ್ದು, ತೆಳ್ಳಗಿನದು ಎಂದು ಕರೆದರೆ ಸಾಕು. ಈ ಮೂರು ಜಾತಿಯ ಪತ್ರಿಕೆಗಳು ಯಾವ ಭಾಷೆಯಲ್ಲಾದರೂ ಸಿಗುತ್ತವೆ.

ದಪ್ಪದ್ದರಿಂದ ಶುರುಮಾಡುತ್ತೇನೆ, ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ದಪ್ಪದ್ದರ ಆಕರ್ಷಣೆ ಏನೆಂದರೆ ಅದರಲ್ಲಿ ಎಲ್ಲವೂ ಇರುತ್ತದೆ. ತಿಂಗಳಿಗೆ ನೂರು ಪುಟ. ಈ ತಿಂಗಳು ಏನು ಬಿತ್ತಬೇಕು, ಏನು ಸವರಬೇಕು, ಅಡುಗೆಮನೆಯ ಕಸದಿಂದ ಏನು ಮಾಡಬಹುದು, ಮೂವತ್ತು ಸುಲಭ ಉಪಾಯಗಳು. ಹೊಸದಾಗಿ ಕುಂಡ ತಂದವರಿಗೆ ಇದು ಹಬ್ಬದೂಟವೇ. ನನಗೂ ಹಾಗೇ ಇತ್ತು. ಅದರಲ್ಲಿ ಹೇಳಿದ್ದನ್ನು ಮಾಡಿ ನೋಡಿದಾಗಲೆಲ್ಲ ಆ ಪುಟಕ್ಕೆ ಒಂದು ಕಾಗದದ ಚೀಟಿ ಅಂಟಿಸುತ್ತಿದ್ದೆ. ನಾಲ್ಕೈದು ತಿಂಗಳಲ್ಲಿ ಪತ್ರಿಕೆಯ ಅಂಚಿನಿಂದ ಚೀಟಿಗಳು ಮುಳ್ಳುಹಂದಿಯ ಮುಳ್ಳಿನಂತೆ ಹೊರಚಾಚಿದ್ದವು. ಇಷ್ಟು ಉಪಯೋಗವಾಗುತ್ತಿದೆಯಲ್ಲ ಎಂದು ಹೆಮ್ಮೆ ಬೇರೆ.

ಆಮೇಲೆ ಟೊಮೇಟೊ ಬುಡ ಕಪ್ಪಾಯಿತು. ಬುಡ ಎಂದರೆ ಗಿಡದ ಬುಡವಲ್ಲ, ಕಾಯಿಯ ತಳ. ಹೂ ಉದುರಿದ ಜಾಗದಲ್ಲಿ ಮೊದಲು ನೀರು ತುಂಬಿದಂತಹ ಒಂದು ಮಚ್ಚೆ, ನಾಲ್ಕು ದಿನದಲ್ಲಿ ಅದು ಚಪ್ಪಟೆಯಾಗಿ ಚರ್ಮದ ಹಾಗೆ ಕಪ್ಪಗಾಗುತ್ತದೆ. ಮೇಲಿನಿಂದ ನೋಡಿದರೆ ಕಾಯಿ ಚೆನ್ನಾಗೇ ಇರುತ್ತದೆ, ತಿರುಗಿಸಿದರೆ ಹೊಟ್ಟೆ ಉರಿಯುತ್ತದೆ. ದಪ್ಪದ್ದನ್ನು ತೆಗೆದೆ. ಇತ್ತು, ಅದರಲ್ಲಿ ಉತ್ತರ ಇತ್ತು: ಎಪ್ಸಮ್ ಲವಣ, ಒಂದು ಲೀಟರಿಗೆ 'ಎರಡು ಚಮಟ'. ಚಮಚ ಎಂದು ಓದಿಕೊಂಡೆ. ಕೆಂಪು ಪೆನ್ನಿಗೆ ಕೈ ಹೋದರೂ ಸುಮ್ಮನಾದೆ. ವಾರಕ್ಕೊಮ್ಮೆಯಂತೆ ಮೂರು ವಾರ ಹಾಕಿದೆ. ಮುಂದಿನ ಗೊಂಚಲಿನಲ್ಲಿ ಆರಕ್ಕೆ ಆರೂ ಕಪ್ಪಾದವು.

ಕಾರಣ ಗೊತ್ತಾಗಿದ್ದು ತೆಳ್ಳಗಿನ ಪತ್ರಿಕೆಯಿಂದ, ಅದೂ ಎರಡು ತಿಂಗಳು ತಡವಾಗಿ. ಕಾಯಿಯ ತಳ ಕೊಳೆಯುವುದು ಅಲ್ಲಿಗೆ ಕ್ಯಾಲ್ಸಿಯಂ ತಲುಪದೆ ಹೋದಾಗ. ಕ್ಯಾಲ್ಸಿಯಂ ಗಿಡದೊಳಗೆ ಓಡಾಡುವುದು ಬೇರು ಎಳೆದುಕೊಂಡ ನೀರಿನ ಜೊತೆ. ಎಲೆಗಳು ಸದಾ ನೀರನ್ನು ಆವಿಯಾಗಿ ಬಿಡುತ್ತಿರುವುದರಿಂದ ಹೆಚ್ಚಿನ ನೀರು ಅವುಗಳ ಕಡೆಗೇ ಹೋಗುತ್ತದೆ. ಕಾಯಿಗೆ ಬೆವರುವ ಅಭ್ಯಾಸ ಕಡಿಮೆ, ಪಾಲೂ ಕಡಿಮೆ. ಒಂದು ದಿನ ಕುಂಡ ಬಣಗುಟ್ಟಿ, ಮರುದಿನ ಕೆಸರಾಗಿ, ಮತ್ತೆ ಒಣಗಿದರೆ ಆ ಪಾಲೂ ತಪ್ಪುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇದ್ದರೂ ಕಾಯಿಯ ತುದಿಗೆ ಬರಗಾಲ. ಎಪ್ಸಮ್ ಲವಣವೆಂದರೆ ಮೆಗ್ನೀಸಿಯಂ ಸಲ್ಫೇಟ್. ಬೇರಿನ ಬಾಗಿಲಲ್ಲಿ ಮೆಗ್ನೀಸಿಯಂ ಕ್ಯಾಲ್ಸಿಯಂ ಜೊತೆ ಜಾಗಕ್ಕೆ ತಳ್ಳಾಡುತ್ತದೆ. ನಾನು ಮೂರು ವಾರ ಶ್ರದ್ಧೆಯಿಂದ ಮಾಡಿದ್ದು ಮೊದಲೇ ಹಿಂದುಳಿದವನನ್ನು ಸಾಲಿನಿಂದಲೇ ಆಚೆ ನೂಕುವ ಕೆಲಸ. ಬೇಕಾಗಿದ್ದದ್ದು ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯ ನೀರು, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ.

ತಪ್ಪು ಯಾರಿಗೂ ಆಗುತ್ತದೆ, ಅದನ್ನು ನಾನೇ ದಿನಾ ನೋಡುತ್ತೇನೆ. ದಪ್ಪದ್ದರ ಸಂಪಾದಕರಿಗೆ ಕಾಗದ ಬರೆದೆ, ಸಭ್ಯವಾಗಿಯೇ. ಉತ್ತರವಿಲ್ಲ. ಮುಂದಿನ ವರ್ಷ ಅದೇ ತಿಂಗಳ ಸಂಚಿಕೆ ಬಂತು. ಟೊಮೇಟೊ ಪುಟ ತೆರೆದೆ. ಹೊಸ ಶೀರ್ಷಿಕೆ, ಹೊಸ ಚಿತ್ರ, ಒಳಗೆ 'ಎರಡು ಚಮಟ'.

ಆ ಒಂದು ಅಕ್ಷರದಿಂದ ಎಲ್ಲ ಬಯಲಾಯಿತು. ಹಳೆಯ ಸಂಚಿಕೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಹೋದ ವರ್ಷದ ಪಕ್ಕದಲ್ಲಿ ಈ ವರ್ಷದ್ದು. ಗುಲಾಬಿ ಸವರುವ ಪುಟದಲ್ಲಿ ಮೂರು ವಾಕ್ಯ ಹಿಂದೆಮುಂದೆ ಆಗಿದ್ದವು, ಅಷ್ಟೇ. ಕಾಂಪೋಸ್ಟ್ ಪುಟದಲ್ಲಿ ಅಲ್ಪವಿರಾಮವೂ ಜಾಗ ಬಿಟ್ಟು ಕದಲಿರಲಿಲ್ಲ. ತೋಟದ ಕೆಲಸ ವರ್ಷ ವರ್ಷ ಅದೇ ಅಲ್ಲವೇ ಎಂದು ಕೇಳಬಹುದು. ಕೆಲಸ ಅದೇ, ನಿಜ. ಆದರೆ ಒಂದು ವರ್ಷ ಗಿಡಗಳ ಜೊತೆ ಇದ್ದು ಬಂದವರು ಅದೇ ಮಾತನ್ನು ಹೇಳುವಾಗ ಒಂದು ಹೊಸ ಸಂಗತಿಯಾದರೂ ನುಸುಳಲೇಬೇಕು. ಯಾವ ಪತ್ರಿಕೆಗಾದರೂ ಚಂದಾ ಕಟ್ಟುವ ಮೊದಲು ಗ್ರಂಥಾಲಯದಲ್ಲೋ ಗೆಳೆಯರ ಮನೆಯಲ್ಲೋ ಒಂದೇ ತಿಂಗಳ ಎರಡು ವರ್ಷದ ಸಂಚಿಕೆ ಸಿಗುತ್ತದೆಯೇ ನೋಡಿ. ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ಓದಿ. ಇಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ.

ದಪ್ಪದ್ದರ ಮೇಲೆ ಇನ್ನೊಂದು ಆರೋಪ ಇದೆ: 'ಸ್ವಲ್ಪ'. 'ಸ್ವಲ್ಪ ಗೊಬ್ಬರ ಹಾಕಿ', 'ಆಗಾಗ ನೀರುಣಿಸಿ', 'ಅಗತ್ಯಕ್ಕೆ ತಕ್ಕಂತೆ ಸಿಂಪಡಿಸಿ'. ಅಗತ್ಯವೆಷ್ಟು ಎಂದು ಗೊತ್ತಿದ್ದರೆ ಪತ್ರಿಕೆ ಯಾಕೆ ಕೊಳ್ಳುತ್ತಿದ್ದೆವು? ಬೂದಿ ರೋಗಕ್ಕೆ ಹಾಲು ಸಿಂಪಡಿಸುವ ಉಪಾಯವನ್ನೇ ತೆಗೆದುಕೊಳ್ಳಿ. ದಪ್ಪದ್ದರಲ್ಲಿ 'ನೀರಿಗೆ ಸ್ವಲ್ಪ ಹಾಲು ಬೆರೆಸಿ' ಎಂದಿತ್ತು. ತೆಳ್ಳಗಿನದರಲ್ಲಿ ಅದೇ ಉಪಾಯದ ಜಾತಕವೇ ಇತ್ತು: ಬ್ರೆಜಿಲ್‌ನ ವಿಜ್ಞಾನಿ ಬೆಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗ, ಹಸಿರುಮನೆಯೊಳಗೆ, ಜುಕಿನಿ ಎಂಬ ಕುಂಬಳ ಜಾತಿಯ ತರಕಾರಿ ಗಿಡಗಳ ಮೇಲೆ. ನೂರಕ್ಕೆ ಹತ್ತು ಭಾಗ ಅಥವಾ ಹೆಚ್ಚು ಹಾಲಿದ್ದಾಗ ರೋಗ ಚೆನ್ನಾಗಿ ಹತೋಟಿಗೆ ಬಂತು. ಅಂದರೆ ಒಂದು ಲೀಟರ್ ದ್ರಾವಣದಲ್ಲಿ ನೂರು ಮಿಲಿಲೀಟರ್ ಹಾಲು. ಕೆಳಗೆ ಒಂದು ಸಾಲು ಬೇರೆ: ಇದು ಜುಕಿನಿಯ ಮಾತು, ನಿಮ್ಮ ಗುಲಾಬಿಯಲ್ಲಿ ಮೊದಲು ನಾಲ್ಕು ಎಲೆಯ ಮೇಲೆ ಹಾಕಿ ನೋಡಿ. ನನಗೆ ಪತ್ರಿಕೆಯಿಂದ ಬೇಕಾದದ್ದು ಇಂತಹ ಸಾಲು.

ಜಾಹೀರಾತು ಇರಬಾರದು ಎನ್ನುವವಳಲ್ಲ ನಾನು. ಪತ್ರಿಕೆ ನಡೆಯುವುದೇ ಅದರಿಂದ. ಆದರೆ ಎಡಪುಟದಲ್ಲಿ ಒಂದು ಬೆಳವಣಿಗೆ ದ್ರಾವಣವನ್ನು ಹೊಗಳುವ ಲೇಖನ, ಬಲಪುಟದಲ್ಲಿ ಅದೇ ದ್ರಾವಣದ ಬಾಟಲಿ. ಇದು ದಪ್ಪದ್ದರಲ್ಲಿ ಒಂದೇ ವರ್ಷದಲ್ಲಿ ಐದು ಸಲ.

ಹೊಳಪಿನದರ ಬಗ್ಗೆ ಅಷ್ಟು ಸಿಟ್ಟಿಲ್ಲ. ಸುಂದರವಾದ ವಸ್ತು. ಕಾಗದ ಮುಟ್ಟಿದರೇ ಖುಷಿ. ಬರುವುದು ಚಳಿದೇಶದಿಂದ, ಅದು ಅದರ ತಪ್ಪಲ್ಲ. ಗಿಡದ ಹೆಸರಿನ ಮುಂದೆ 'ವಲಯ 5', 'ವಲಯ 8' ಎಂದಿರುತ್ತದೆ. ಬಹಳ ದಿನ ನಾನು ಅದನ್ನು ಒಟ್ಟಾರೆ ಹವಾಮಾನದ ಲೆಕ್ಕ ಎಂದುಕೊಂಡಿದ್ದೆ. ಅದು ಅಮೆರಿಕದ ಕೃಷಿ ಇಲಾಖೆಯ ನಕ್ಷೆ, ಒಟ್ಟು 13 ವಲಯ. ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶ ತೆಗೆದುಕೊಂಡು, ಹಲವು ವರ್ಷಗಳ ಸರಾಸರಿ ಕಟ್ಟಿ, ಹತ್ತು ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಗೆರೆ ಎಳೆದದ್ದು. ಗಿಡ ಯಾವ ಚಳಿಗೆ ಸಾಯುತ್ತದೆ ಎಂಬುದಷ್ಟೇ ಅದರಲ್ಲಿದೆ. ಬಿಸಿಲಿಗೆ ಸಾಯುವುದು, ಮಳೆಗೆ ಕೊಳೆಯುವುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. 'ಮಾರ್ಚ್‌ನಲ್ಲಿ ಬಿತ್ತಿ' ಎಂದು ಬರೆಯುವ ಪತ್ರಿಕೆ ತನ್ನ ಊರಿನವರಿಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಭೂಮಧ್ಯರೇಖೆಯ ಆಚೆ ಇರುವವರಿಗಂತೂ ಆರು ತಿಂಗಳು ತಲೆಕೆಳಗು. 'ಮಣ್ಣು ಇಷ್ಟು ಡಿಗ್ರಿ ಬೆಚ್ಚಗಾದಾಗ ಬಿತ್ತಿ' ಎನ್ನುವ ಪತ್ರಿಕೆಯನ್ನು ಎಲ್ಲಿ ಕೂತು ಓದಿದರೂ ನಡೆಯುತ್ತದೆ. ಹೊಳಪಿನದು ಮೊದಲ ಜಾತಿ.

ಅದನ್ನು ಬಿಟ್ಟಿದ್ದು ಚಳಿಗಲ್ಲ, ಒಂದು ಚಿತ್ರಕ್ಕೆ.

ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಎಲೆಯ ಸಂದಿಯಲ್ಲಿ, ಮೊಗ್ಗಿನ ತೊಟ್ಟಿನಲ್ಲಿ ಹತ್ತಿ ಚೂರಿನ ಹಾಗೆ ಬಿಳಿ ಬಿಳಿ. ದಿನಾ ಬೆಳಿಗ್ಗೆ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸುತ್ತಿದ್ದೆ. ಹೊಳಪಿನದರಲ್ಲಿ ಇಡೀ ಪುಟದ ಚಿತ್ರವೊಂದು ಬಂತು, 'ನಿಮ್ಮ ಶತ್ರು: ಹಿಟ್ಟು ತಿಗಣೆ' ಎಂಬ ಅಡಿಬರಹದ ಜೊತೆ. ಉದ್ದನೆಯ ಬಿಳಿ ಜಡೆಗಳು ಇಳಿಬಿದ್ದ, ಸ್ವಲ್ಪ ದೊಡ್ಡ ಹುಳು. ಹೌದು, ಇಂಥವೂ ಇವೆಯಲ್ಲ ಎಂದುಕೊಂಡು ಅವನ್ನೇ ಹುಡುಕಿ ಹುಡುಕಿ ಒರೆಸಿದೆ. ದೊಡ್ಡವನ್ನು ಮೊದಲು ಕೊಂದರೆ ಸಂತಾನ ನಿಲ್ಲುತ್ತದೆ ಎಂಬ ಲೆಕ್ಕಾಚಾರ. ಹದಿನೈದು ದಿನದಲ್ಲಿ ದಾಸವಾಳ ಪೂರ್ತಿ ಬೆಳ್ಳಗಾಯಿತು.

ತೆಳ್ಳಗಿನದರಲ್ಲಿ ಬಣ್ಣದ ಪುಟ ಇರುವುದು ನಡುವೆ ನಾಲ್ಕೇ ನಾಲ್ಕು. ಅದರಲ್ಲಿ ಒಂದು ಪುಟವನ್ನು ಅವರು ಎರಡು ಚಿತ್ರಕ್ಕೆ ಕೊಟ್ಟಿದ್ದರು. ಎಡಕ್ಕೆ ಹಿಟ್ಟು ತಿಗಣೆ, ಬಲಕ್ಕೆ ಅದನ್ನು ತಿಂದು ಬದುಕುವ ದುಂಬಿಯ ಮರಿಹುಳು. ನೋಡಿದರೆ ಹೊಳಪಿನದು ಛಾಪಿಸಿದ್ದು ಬಲಗಡೆಯದ್ದನ್ನು! ಕ್ರಿಪ್ಟೊಲೀಮಸ್ ಎಂದು ಆ ದುಂಬಿಯ ಹೆಸರು, ಗುಲಗಂಜಿ ಹುಳುಗಳ ನೆಂಟ. ಮರಿಹುಳು ಮೈತುಂಬ ಬಿಳಿ ಮೇಣ ಹೊದ್ದು ತಿಗಣೆಯ ವೇಷದಲ್ಲೇ ತಿಗಣೆಗಳ ನಡುವೆ ಓಡಾಡುತ್ತದೆ. 1891ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ತಿಗಣೆ ತಿನ್ನಿಸಲೆಂದೇ ತರಿಸಿದ್ದರಂತೆ. ಗುರುತು ಹಿಡಿಯುವುದನ್ನೂ ಹೇಳಿಕೊಟ್ಟಿದ್ದರು: ತಿಗಣೆ ಮೂರು ನಾಲ್ಕು ಮಿಲಿಮೀಟರ್, ಕಡ್ಡಿಯಿಂದ ತಿವಿದರೂ ಕದಲಲು ಸೋಮಾರಿತನ. ಮರಿಹುಳು ಅದರ ಎರಡು ಮೂರು ಪಟ್ಟು ಉದ್ದ, ಜಡೆ ಕೆದರಿಕೊಂಡಿರುತ್ತದೆ, ಮುಟ್ಟಿದರೆ ಸರಸರ ನಡೆಯುತ್ತದೆ. ನಾನು ಅಷ್ಟು ದಿನ ಕಾವಲುಗಾರರನ್ನೇ ಒಬ್ಬೊಬ್ಬರಾಗಿ ಮುಗಿಸಿದ್ದೆ. ಭೂತಗನ್ನಡಿ ತೆಗೆದುಕೊಂಡು ತಾರಸಿಗೆ ಓಡಿದರೆ ಇಡೀ ಗಿಡದಲ್ಲಿ ಎರಡು ಉಳಿದಿದ್ದವು. ಕಡ್ಡಿ ಎಸೆದು ಬಂದೆ. ಆರು ವಾರ ಬೇಕಾಯಿತು, ದಾಸವಾಳ ಉಳಿಯಿತು.

ಬಣ್ಣ ಬೇಕೇ ಬೇಡವೇ ಎಂಬ ಜಗಳ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಲಂಡನ್ನಿನಲ್ಲಿ ವಿಲಿಯಂ ಕರ್ಟಿಸ್ 1787ರಲ್ಲಿ ಶುರುಮಾಡಿದ ಬೊಟಾನಿಕಲ್ ಮ್ಯಾಗಜೀನ್ ಇವತ್ತಿಗೂ ಬರುತ್ತಿದೆ. 1948ರವರೆಗೂ ಅದರ ಪ್ರತಿ ಪ್ರತಿಯ ಚಿತ್ರಕ್ಕೂ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಅಷ್ಟು ಕಷ್ಟಪಟ್ಟಿದ್ದು ಪುಟ ಚೆಂದ ಕಾಣಲೆಂದಷ್ಟೇ ಅಲ್ಲ, ಓದುಗ ಈ ಗಿಡವನ್ನು ಆ ಗಿಡದಿಂದ ಬೇರೆ ಮಾಡಿ ಗುರುತಿಸಲಿ ಎಂದು. ಬಣ್ಣವನ್ನು ಹೀಗೆ ಖರ್ಚು ಮಾಡಿದರೆ ನಾಲ್ಕು ಪುಟವೇ ಹೆಚ್ಚು.

ಹೊಳಪಿನದು ಮೂರು ಸಲ ಬರೆದ ಇನ್ನೊಂದು ಸಂಗತಿ: ಮನೆಯೊಳಗಿನ ಗಿಡಗಳು ಗಾಳಿ ಶುದ್ಧ ಮಾಡುತ್ತವೆ, ನಾಸಾ ಹೇಳಿದೆ. ನಾಸಾ 1989ರಲ್ಲಿ ಹಾಗೊಂದು ವರದಿ ಕೊಟ್ಟದ್ದು ನಿಜ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಇಂತಹ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2019ರಲ್ಲಿ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಎಂದಾಯಿತು. ಅಷ್ಟು ಗಿಡ ಇಟ್ಟರೆ ನಾವು ಹೊರಗೆ ಮಲಗಬೇಕು. ಈ ಸುದ್ದಿಯನ್ನು ಒಂದು ಪತ್ರಿಕೆ ಈಗ ಹೇಗೆ ಬರೆಯುತ್ತದೆ ಎಂದು ನೋಡಿದರೆ ಸಾಕು, ಅವರು ಓದಿ ಬರೆಯುತ್ತಾರೋ ಕೇಳಿ ಬರೆಯುತ್ತಾರೋ ತಿಳಿಯುತ್ತದೆ. ತೆಳ್ಳಗಿನದರಲ್ಲಿ ಇದರ ಬಗ್ಗೆ ಒಂದೇ ವಾಕ್ಯ ಇತ್ತು: ನಾವೂ ಹಿಂದೆ ಹೀಗೆ ಬರೆದಿದ್ದೆವು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ.

ಇಷ್ಟಾಗಿಯೂ ತೆಳ್ಳಗಿನದನ್ನು ಮೊದಲ ಸಲ ನೋಡಿದಾಗ ನಾನು ಮೂಗು ಮುರಿದಿದ್ದೆ. ಎರಡು ತಿಂಗಳಿಗೊಮ್ಮೆ, ನಲವತ್ತೆಂಟು ಪುಟ, ರದ್ದಿ ಕಾಗದದಂತಹ ಕಾಗದ.

"ಅತ್ತಿಗೆ, ಇದರಲ್ಲಿ ನೋಡೋಕೆ ಏನೂ ಇಲ್ಲವಲ್ಲ?"

"ನೋಡೋಕೆ ತೋಟ ಇದೆ. ಇದು ಓದೋಕೆ. ಕೊನೇ ಪುಟದಿಂದ ಶುರುಮಾಡು."

ಕೊನೆಯ ಪುಟಗಳಲ್ಲಿ ಓದುಗರ ಪತ್ರಗಳು. ಹೊಗಳಿಕೆ ಒಂದೂ ಇಲ್ಲ. ನಿಂಬೆ ಗಿಡ ಹೂ ಬಿಟ್ಟು ಉದುರಿಸುತ್ತದೆ, ನೀವು ಹೇಳಿದ್ದು ಮಾಡಿದೆ, ಪ್ರಯೋಜನವಾಗಲಿಲ್ಲ. ಗೂಟಿ ಕಟ್ಟಿದ, ಅಂದರೆ ಬೇರು ಬರಲೆಂದು ತೊಗಟೆ ಸುಲಿದು ಒದ್ದೆ ಪಾಚಿ ಸುತ್ತಿದ, ಕೊಂಬೆ ಬೇರು ಬಿಡಲಿಲ್ಲ, ಪಾಚಿ ಒಣಗಿತ್ತು ಅನಿಸುತ್ತದೆ. ಅದಕ್ಕೆ ಇನ್ನೊಬ್ಬ ಓದುಗರ ಉತ್ತರ, ಮುಂದಿನ ಸಂಚಿಕೆಯಲ್ಲಿ ಮತ್ತೊಬ್ಬರ ತಕರಾರು. ಅತ್ತಿಗೆ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ತಾರೀಖು ಹಾಕಿ ಬರೆದಿರುತ್ತಾರೆ: 'ಮಾಡಿದೆ, ಆಯಿತು', 'ಮಾಡಿದೆ, ಸತ್ತಿತು'. ಹಾಗೆ ಬರೆಯುವ ಆಸೆ ಹುಟ್ಟಿಸುವ ಪತ್ರಿಕೆ ಅದು.

ಪತ್ರದ ಪುಟಕ್ಕೆ ಹಳೆಯ ಮರ್ಯಾದೆ ಇದೆ. 1841ರಲ್ಲಿ ಶುರುವಾದ ಗಾರ್ಡನರ್ಸ್ ಕ್ರಾನಿಕಲ್ ಎಂಬ ಇಂಗ್ಲೆಂಡಿನ ವಾರಪತ್ರಿಕೆಗೆ 1855ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಕಾಗದ ಬರೆದ, ಸಮುದ್ರದ ನೀರು ಬೀಜಗಳನ್ನು ಕೊಲ್ಲುತ್ತದೆಯೇ ಎಂದು. ಮನೆಯಲ್ಲಿ ಉಪ್ಪುನೀರಿನ ಬಾಟಲಿಗಳಲ್ಲಿ ಬೀಜ ನೆನೆಹಾಕಿ ಕೂತಿದ್ದ ಮನುಷ್ಯ, ತನ್ನ ಲೆಕ್ಕವನ್ನು ತೋಟದ ಪತ್ರಿಕೆಯ ಓದುಗರ ಮುಂದೆ ಇಟ್ಟ. ಅದೇ ಪತ್ರಿಕೆಯ ಸಂಪಾದಕ ಜಾನ್ ಲಿಂಡ್ಲೆ ಹತ್ತು ವರ್ಷ ಮೊದಲು, 1845ರ ಸೆಪ್ಟೆಂಬರಿನಲ್ಲಿ, ಐರ್ಲೆಂಡಿಗೆ ಆಲೂಗಡ್ಡೆ ಅಂಗಮಾರಿ ಬಂದಿದೆ ಎಂಬ ಸುದ್ದಿಯನ್ನು ಅಚ್ಚು ನಿಲ್ಲಿಸಿ ಸೇರಿಸಿದ್ದ. ಸುದ್ದಿ ಸರಿ, ಕಾರಣ ತಪ್ಪು: ಅತಿ ಮಳೆಯಿಂದ ಗಿಡ ನೀರು ಕುಡಿದು ಕೊಳೆಯುತ್ತಿದೆ ಎಂದು ಅವನು ನಂಬಿದ್ದ. ಇಲ್ಲ, ಇದು ಶಿಲೀಂಧ್ರದ ಕೆಲಸ ಎಂದು ವಾದಿಸಿದವನು ಬರ್ಕ್ಲಿ ಎಂಬ ಪಾದ್ರಿ. ಅವನೂ ಆ ಪತ್ರಿಕೆಗೆ ಬರೆಯುತ್ತಿದ್ದವನೇ. ಪ್ರಯೋಗದಿಂದ ಸಾಬೀತಾಗುವ ಹೊತ್ತಿಗೆ 1861 ಆಗಿತ್ತು. ಸಂಪಾದಕನ ಅಭಿಪ್ರಾಯಕ್ಕೆ ಎದುರಾಡುವವನಿಗೂ ಜಾಗ ಇರುವಂತಹ ಮನೆ ಅದು. ದಪ್ಪದ್ದರಲ್ಲಿ ಪತ್ರಗಳ ಪುಟವಿದೆ, ಅದರಲ್ಲಿ ಬರುವುದೆಲ್ಲ 'ನಿಮ್ಮ ಪತ್ರಿಕೆ ಬಹಳ ಉಪಯುಕ್ತವಾಗಿದೆ'.

ತೆಳ್ಳಗಿನದು ನಿರ್ದೋಷಿ ಎಂದಲ್ಲ. ಹೇಳಿದ ದಿನಕ್ಕೆ ಒಂದು ಸಲವೂ ಬಂದಿಲ್ಲ. ಅಕ್ಷರ ಇರುವೆಯಷ್ಟು. ಕುಂಡದ ಮಣ್ಣಿಗೆ ತೆಂಗಿನ ನಾರಿನ ಪುಡಿ ಎಷ್ಟು ಪಾಲು ಎಂಬ ಬಗ್ಗೆ ಇಬ್ಬರು ಅಂಕಣಕಾರರು ಒಂದು ವರ್ಷದಿಂದ ಜಗಳವಾಡುತ್ತಿದ್ದಾರೆ. ಮೊದಲು ಮಜವಿತ್ತು, ಈಗ ಸಾಕಾಗಿದೆ. ವರ್ಷದ ಕೊನೆಗೆ ವಿಷಯಸೂಚಿ ಕೊಡುವುದಿಲ್ಲ, ಹಾಗಾಗಿ ಹಳೆಯದನ್ನು ಹುಡುಕುವುದು ಎಂದರೆ ಎಲ್ಲವನ್ನೂ ಮತ್ತೆ ಓದುವುದು. ಮೊಬೈಲಿನಲ್ಲಿ ಓದುವ ಆವೃತ್ತಿ ಇಲ್ಲ. ನನಗೆ ಬೇಕಾಗಿಯೂ ಇಲ್ಲ, ಮಣ್ಣುಗೈಯಲ್ಲಿ ಪುಟ ತಿರುಗಿಸಬಹುದು, ಫೋನ್ ಮುಟ್ಟಲಾಗದು. ಗಿಡಗಳ ಶಾಸ್ತ್ರೀಯ ಹೆಸರು ಬದಲಾದಾಗ ಹಳೆಯದು ಹೊಸದು ಎರಡನ್ನೂ ಕೊಡುತ್ತಾರೆ. ಸ್ನೇಕ್ ಪ್ಲಾಂಟ್ ಎಂದು ಮನೆಯೊಳಗೆ ಇಡುವ ಸ್ಯಾನ್ಸೆವೇರಿಯಾ ಈಗ ಡ್ರಸೀನಾ ಕುಲಕ್ಕೆ ಸೇರಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಅದಕ್ಕೆ ಅರ್ಧ ಅಂಕ ಹೆಚ್ಚು.

ನಾನು ಚಂದಾವನ್ನು ಎರಡು ವರ್ಷಕ್ಕೆ ಮುಂದುವರಿಸಿದ್ದಕ್ಕೆ ಕಾರಣ ಒಂದು ತಪ್ಪು. ಬೇವಿನ ಎಣ್ಣೆ ಲೀಟರ್ ನೀರಿಗೆ 5 ಮಿಲಿಲೀಟರ್ ಎಂದಿರಬೇಕಾದ ಕಡೆ 50 ಎಂದು ಅಚ್ಚಾಗಿತ್ತು. ಅಷ್ಟು ಹಾಕಿದರೆ ಎಲೆ ಸುಟ್ಟು ಕರಕಲು. ಕಾರ್ಡು ಬರೆದು ಹಾಕಿದೆ. ಹತ್ತೇ ದಿನದಲ್ಲಿ ಅಂಚೆಯಲ್ಲಿ ಒಂದು ಹಳದಿ ಚೀಟಿ ಬಂತು, ಎಲ್ಲ ಚಂದಾದಾರರಿಗೂ ಕಳಿಸಿದ್ದು: 'ಪುಟ 19, ಸಾಲು 6. ಐವತ್ತಲ್ಲ, ಐದು. ಈಗಾಗಲೇ ಸಿಂಪಡಿಸಿದ್ದರೆ ಎಲೆಗಳನ್ನು ನೀರಿನಿಂದ ತೊಳೆಯಿರಿ.' ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ, ಸಂಪಾದಕೀಯಕ್ಕಿಂತ ಮೇಲೆ, ಅದೇ ಮಾತು ಚೌಕಟ್ಟಿನಲ್ಲಿ. ನನ್ನ ವೃತ್ತಿಯಲ್ಲಿ ತಿದ್ದುಪಡಿಯನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದನ್ನು ನಾನು ನೋಡಿಲ್ಲ. ಸಾಮಾನ್ಯವಾಗಿ ಅದು ಒಳಪುಟದ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ ಇರುತ್ತದೆ.

ಮಗಳಿಗೆ ಹೊಳಪಿನದು ನಿಂತ ಬೇಜಾರಿದೆ. ಅದರ ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿದ್ದಾಳೆ, ಚಿತ್ರಕ್ಕೆ. ದಪ್ಪದ್ದನ್ನು ರದ್ದಿಗೆ ಹಾಕುವ ಮೊದಲು ಚೀಟಿಗಳನ್ನೆಲ್ಲ ಕಿತ್ತೆ, ಅವು ಬೀಜದ ಪೊಟ್ಟಣಗಳ ಮೇಲೆ ಹೆಸರು ಬರೆಯಲು ಬಂದವು.

ತೆಳ್ಳಗಿನದು ಈ ಸಲ ಹನ್ನೆರಡು ದಿನ ತಡವಾಗಿ, ನಿನ್ನೆ ಬಂತು. ಪುಟ 31ರಲ್ಲಿ 'ಹೇನು' ಎಂದಿರಬೇಕಾದ ಕಡೆ 'ಜೇನು' ಎಂದು ಬಿದ್ದಿದೆ: ಸಾಬೂನು ನೀರು ಸಿಂಪಡಿಸಿ ಜೇನುಗಳನ್ನು ಕೊಲ್ಲಬಹುದಂತೆ. ಕಾರ್ಡು ತೆಗೆದಿಟ್ಟಿದ್ದೇನೆ, ಮಧ್ಯಾಹ್ನ ಬರೆಯಬೇಕು.